ಆರನೆಯ ಸಿಂಫನಿಗೊಂದು ಕೊಡತಿ

ಮಾಟುಂಗಾ, ಮುಂಬೈ
6 ಜನವರಿ 2025

ಬಡಿಗೇರ ಮರಗೆಲಸ, ಬ್ಯಾಡರಹಳ್ಳಿ,
ಇದರ ಮಾಲೀಕರಾದ ದೇವೇಂದ್ರಪ್ಪನವರಿಗೆ

ಮಾನ್ಯರೇ,

ನಿಮ್ಮ ಅಂಗಡಿಯ ಬಾಗಿಲ ಮೇಲೆ ಒಂದು ಬೋರ್ಡು ಇದೆ. ‘ಆರ್ಡರು ಬರಹದಲ್ಲಿ ಮಾತ್ರ. ಬರೆದು ಕೇಳಿದವರಿಗೆ ಬರೆದೇ ಉತ್ತರ.’ ಬಾಯಲ್ಲಿ ಒಂದು ಅಳತೆ ಹೇಳಿ ಆಮೇಲೆ ತಿರುಗಿ ಬೀಳುವ ಗಿರಾಕಿಗಳ ಕಾಟಕ್ಕೆ ನೀವು ಅದನ್ನು ಬರೆಸಿದಾಗ ಕಾಗುಣಿತ ತಿದ್ದಿಕೊಟ್ಟವಳು ನಾನೇ. ಇಪ್ಪತ್ತು ವರ್ಷದಲ್ಲಿ ಬಂದ ಒಂದೇ ಒಂದು ಕಾಗದವನ್ನೂ ನೀವು ಉತ್ತರ ಕೊಡದೆ ಬಿಟ್ಟಿಲ್ಲ. ಮಗಳ ಫೋನು ಎತ್ತುವುದಿಲ್ಲ, ಗೊತ್ತು. ಗಿರಾಕಿಯ ಕಾಗದ ಒಡೆದು ಓದುತ್ತೀರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನಗೆ ಮರದ ಒಂದು ದೊಡ್ಡ ಪೆಟ್ಟಿಗೆ ಬೇಕು. ನಾಲ್ಕಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ. ಒಳಗೆ ಖಾಲಿ. ಜೊತೆಗೆ ಅದಕ್ಕೆ ಹೊಡೆಯಲು ಒಂದು ಕೊಡತಿ. ನೀವು ಉಳಿಯ ತಲೆಗೆ ಹೊಡೆಯುವ ಮರದ ಸುತ್ತಿಗೆಯಂಥದೇ, ಆದರೆ ಹಿಡಿ ನನ್ನ ಎದೆಯ ಮಟ್ಟಕ್ಕೆ ಬರುವಷ್ಟು ಉದ್ದ.

ಕೆಲಸ ಇದು: ಮಾಹ್ಲರ್ ಎಂಬೊಬ್ಬ ಸಂಗೀತಗಾರ ನೂರಿಪ್ಪತ್ತು ವರ್ಷದ ಹಿಂದೆ ತನ್ನ ಆರನೆಯ ಸಿಂಫನಿ ಬರೆದ. ಸಿಂಫನಿ ಎಂದರೆ ನೂರು ಜನ ಒಟ್ಟಿಗೆ ಕೂತು ನುಡಿಸುವ ದೊಡ್ಡ ಸಂಗೀತ. ಅದರ ಕೊನೆಯ ಭಾಗದಲ್ಲಿ ಕೊಡತಿಯ ಎರಡು ಪೆಟ್ಟು ಇವೆ. ನಮ್ಮ ಆರ್ಕೆಸ್ಟ್ರಾದಲ್ಲಿ ತಾಳವಾದ್ಯ ನನ್ನದು, ಆದ್ದರಿಂದ ಹೊಡೆಯುವವಳೂ ನಾನೇ. ಮಾರ್ಚ್ ಇಪ್ಪತ್ತೆರಡು, ಶನಿವಾರ ಕಾರ್ಯಕ್ರಮ. ಇಂಥ ವಾದ್ಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬಡಗಿಯೇ ಮಾಡಬೇಕು. ನನಗೆ ಗೊತ್ತಿರುವ ಬಡಗಿ ಒಬ್ಬರೇ.

ನಿಮ್ಮ ಗಿರಾಕಿ,
ವಿಜಯಶ್ರೀ ದೇ. ಬಡಿಗೇರ


ಬ್ಯಾಡರಹಳ್ಳಿ
13 ಜನವರಿ 2025

ವಿಜಯಶ್ರೀ ಅವರಿಗೆ,

ನಿಮ್ಮ ಕಾಗದ ತಲುಪಿದೆ. ಬೋರ್ಡು ಹಾಕಿದ ತಪ್ಪಿಗೆ ಉತ್ತರ ಬರೆಯುತ್ತಿದ್ದೇನೆ, ಬೇರೆ ಯಾವ ಕಾರಣಕ್ಕೂ ಅಲ್ಲ.

ನನ್ನ ಅರವತ್ತನಾಲ್ಕು ವರ್ಷದಲ್ಲಿ ಬಾಗಿಲು, ಮಂಚ, ತೊಟ್ಟಿಲು, ದೇವರ ಮಂಟಪ ಎಲ್ಲ ಮಾಡಿದ್ದೇನೆ. ಏನನ್ನೂ ಇಡದ, ಬರೇ ಹೊಡೆಸಿಕೊಳ್ಳುವುದಕ್ಕೆ ಇರುವ ಪೆಟ್ಟಿಗೆ ಮಾಡಿಲ್ಲ. ನೂರು ಜನ ಬುದ್ಧಿವಂತರು ಸೇರಿ ಪೆಟ್ಟಿಗೆಗೆ ಸುತ್ತಿಗೆಯಲ್ಲಿ ಹೊಡೆಯುತ್ತಾರೆಂದು ಓದಿ ನಾನು ಕುರ್ಚಿಯಲ್ಲೇ ದಂಗಾಗಿ ಕೂತೆ. ಅದನ್ನು ಜನ ದುಡ್ಡು ಕೊಟ್ಟು ಕೇಳುತ್ತಾರೋ?

ಅದಿರಲಿ. ನೀವು ಉದ್ದ, ಅಗಲ ಬರೆದಿದ್ದೀರಿ. ಸದ್ದು ಎಂಥದು ಬೇಕೆಂದು ಬರೆದಿಲ್ಲ. ಸದ್ದಿಗೆ ಟೇಪು ಹಿಡಿಯಲು ಬರುವುದಿಲ್ಲ. ಮೊದಲು ನನಗೆ ಅದನ್ನು ಕೇಳಿಸಿ. ನಾನು ಕಾಣದ ವಸ್ತುವನ್ನು ಮಾಡಿಕೊಟ್ಟು ಹೆಸರು ಕೆಡಿಸಿಕೊಳ್ಳುವವನಲ್ಲ.

ಇತಿ,
ದೇವೇಂದ್ರಪ್ಪ ಬಡಿಗೇರ


ಮಾಟುಂಗಾ, ಮುಂಬೈ
20 ಜನವರಿ 2025

ಮಾನ್ಯರೇ,

ನಿಮ್ಮ ಅಕ್ಷರ ಕಂಡು ಕವರನ್ನು ಅರ್ಧ ದಿನ ಒಡೆಯಲೇ ಇಲ್ಲ. ಒಡೆದ ಮೇಲೆ ‘ಅವರಿಗೆ’ ಅಂತ ಬರೆದದ್ದು ನೋಡಿ ನಕ್ಕೆ, ಆಮೇಲೆ ಅತ್ತೆ. ಇರಲಿ, ಇದು ಆರ್ಡರಿಗೆ ಸೇರಿದ ಮಾತಲ್ಲ.

ಸಂಗೀತದ ಲಿಂಕುಗಳನ್ನು ಅಂಗಡಿಯ ನಂಬರಿಗೆ ಕಳಿಸಿದ್ದೇನೆ. ಆದರೆ ದಯವಿಟ್ಟು ನೇರವಾಗಿ ಆರಕ್ಕೆ ಹೋಗಬೇಡಿ. ಒಂದೂಕಾಲು ಗಂಟೆಗೂ ಹೆಚ್ಚಿನದು, ಹೊಸಬರು ಅರ್ಧಕ್ಕೇ ಎದ್ದು ಹೋಗುತ್ತಾರೆ. ನಾನೂ ಮೊದಲ ಸಲ ಎದ್ದು ಹೋಗಿದ್ದೆ.

ಒಂದನೆಯ ಸಿಂಫನಿಯ ಮೂರನೆಯ ಭಾಗದಿಂದ ಶುರು ಮಾಡಿ. ಹತ್ತು ಹನ್ನೊಂದು ನಿಮಿಷ ಅಷ್ಟೇ. ಮೆಷಿನ್ನು ಓಡುವಾಗ ಬೇಡ, ಮಧ್ಯಾಹ್ನ ಎಲ್ಲ ನಿಲ್ಲಿಸಿದ ಮೇಲೆ ಕೇಳಿ. ಅರ್ಥ ಹುಡುಕಬೇಡಿ. ಹೊಸ ಹಲಗೆ ಬಂದಾಗ ನೀವು ಮೊದಲು ಎಳೆ ಯಾವ ಕಡೆ ಓಡಿದೆ ಎಂದು ಬೆರಳಾಡಿಸಿ ನೋಡುತ್ತೀರಲ್ಲ, ಹಾಗೆ ಒಂದೇ ಒಂದು ವಾದ್ಯ ಹಿಡಿದುಕೊಂಡು ಹೋಗಿ. ಮೊದಲು ಮೆತ್ತಗೆ ಡ್ರಮ್ಮು ಬರುತ್ತದೆ, ಅದರ ಮೇಲೆ ಆಳೆತ್ತರದ ಪಿಟೀಲು. ಅದೊಂದನ್ನೇ ಹಿಂಬಾಲಿಸಿ. ದಾರಿ ತಪ್ಪಿದರೆ ಪರವಾಗಿಲ್ಲ, ಮಾರನೆಯ ದಿನ ಮತ್ತೆ ಅದನ್ನೇ ಕೇಳಿ. ಮೂರು ದಿನ ಅದನ್ನು ಬಿಟ್ಟು ಬೇರೇನೂ ಬೇಡ.

ಕೊಡತಿಯ ಪೆಟ್ಟು ಆರನೆಯದರ ಕೊನೆಯ ಭಾಗದಲ್ಲಿ, ಸುಮಾರು ಹದಿಮೂರನೆಯ ನಿಮಿಷಕ್ಕೆ. ಗಿಡ್ಡನೆಯ ಸದ್ದು, ಭಾರವಾದದ್ದು, ಲೋಹದ ನಾದ ಚೂರೂ ಇರಬಾರದು, ಕೊಡಲಿ ಏಟಿನ ಹಾಗಿರಲಿ ಎಂದು ಬರೆದವನೇ ಸೂಚನೆ ಕೊಟ್ಟಿದ್ದಾನೆ. ಹುಟ್ಟಿದ ಕೂಡಲೇ ಸಾಯಬೇಕು ಅದು.

ನಿಮ್ಮ ಗಿರಾಕಿ,
ವಿಜಯಶ್ರೀ


ಬ್ಯಾಡರಹಳ್ಳಿ
2 ಫೆಬ್ರುವರಿ 2025

ವಿಜಯಶ್ರೀ ಅವರಿಗೆ,

ಕೇಳಿದೆ. ಮೊದಲ ದಿನ ಏನೂ ಕೇಳಿಸಲೇ ಇಲ್ಲ. ಸ್ಪೀಕರು ಕೆಟ್ಟಿದೆ ಎಂದುಕೊಂಡು ಸೌಂಡು ಪೂರ್ತಿ ಏರಿಸಿದೆ. ಎರಡನೆಯ ದಿನ ಆ ದೊಡ್ಡ ಪಿಟೀಲು ಸಿಕ್ಕಿತು, ಮುದುಕನೊಬ್ಬ ತನ್ನಷ್ಟಕ್ಕೆ ಗೊಣಗಿಕೊಂಡು ಹೋಗುವ ಹಾಗಿತ್ತು. ಹೆಣ ಹೊತ್ತುಕೊಂಡು ಹೋಗುತ್ತಿದ್ದಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಅಷ್ಟರಲ್ಲಿ ಇದ್ದಕ್ಕಿದ್ದಂತೆ ಮದುವೆ ಬ್ಯಾಂಡು ನುಗ್ಗಿತು. ನನಗೆ ಮೈ ಜುಂ ಅಂದಿತು.

ಯಾಕೆಂದರೆ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲಕಲ್ಲಿನಿಂದ ಬಂದ ಹೊಸದರಲ್ಲಿ ಬಿನ್ನಿಪೇಟೆಯಲ್ಲಿ ಬಾಡಿಗೆಗೆ ಇದ್ದೆವು. ಒಂದು ದಿನ ನಮ್ಮ ಗಲ್ಲಿಯಲ್ಲಿ ಹೆಣದ ಮೆರವಣಿಗೆಗೆ ಎದುರಾಗಿ ಮದುವೆ ದಿಬ್ಬಣ ಬಂತು. ಇವರ ತಮಟೆ, ಅವರ ಬ್ಯಾಂಡು, ಯಾರೂ ನಿಲ್ಲಿಸಲಿಲ್ಲ. ನಿಮ್ಮ ತಾಯಿ ನಿಮ್ಮನ್ನು ಸೊಂಟದ ಮೇಲೆ ಇಟ್ಟುಕೊಂಡು ಬಾಗಿಲಲ್ಲಿ ನಿಂತು ನಕ್ಕಳು. ಹೆಣದ ಮುಂದೆ ನಗುತ್ತೀಯಾ ಎಂದು ನಾನು ಬೈದೆ. ಆ ಪರದೇಶದವನು ಬಿನ್ನಿಪೇಟೆ ಗಲ್ಲಿಯನ್ನು ಯಾವಾಗ ಕಂಡ?

ನೀವು ಬೇಡವೆಂದರೂ ನಾಲ್ಕನೆಯ ದಿನ ನೇರ ಆರಕ್ಕೆ ಹೋದೆ. ಹದಿಮೂರನೆಯ ನಿಮಿಷಕ್ಕೆ ಹಚ್ಚಿದೆ. ಸೌಂಡು ಏರಿಸಿದ್ದು ಇಳಿಸಿರಲಿಲ್ಲ. ಪೆಟ್ಟು ಬಿತ್ತು ನೋಡಿ, ಕೈಯಲ್ಲಿದ್ದ ಅನ್ನದ ಡಬ್ಬಿ ಮರದ ಹೊಟ್ಟಿನ ಮೇಲೆ ಹೋಗಿ ಬಿತ್ತು. ಪಕ್ಕದ ಹಾರ್ಡ್‌ವೇರ್ ಅಂಗಡಿಯ ಲಕ್ಷ್ಮೀಪತಿ, ಪ್ಲೈವುಡ್ ಗುಡ್ಡೆ ಕುಸಿಯಿತೆಂದು ಓಡಿ ಬಂದ. “ಅಣ್ಣಾ, ಕಾಲ್ ಸಿಗಾಕೊಂಡಿಲ್ಲ ತಾನೆ?” ಅಂದ. ಸಂಗೀತ ಕೇಳ್ತಿದ್ದೆ ಎಂದೆ. ನನ್ನ ಮುಖವನ್ನೇ ನೋಡುತ್ತಾ ನಿಂತುಬಿಟ್ಟ.

ಪೆಟ್ಟಿಗೆ ಒಂದು ಮಾಡಿದೆ. ತೇಗದ್ದು. ಹೊಡೆದರೆ ಟಣ್ ಅನ್ನುತ್ತದೆ, ಸ್ಕ್ರೂಗಳ ಕಾಟ. ಅದನ್ನು ಬಿಚ್ಚಿ ಮರದ ಗೂಟ ಹಾಕಿ ಮತ್ತೆ ಜೋಡಿಸಿದೆ. ಈಗ ಟಣ್ ಹೋಯಿತು, ಆದರೆ ಗುಂಯ್ ಎಂದು ಉಳಿಯುತ್ತದೆ. ಹುಟ್ಟಿದ ಕೂಡಲೇ ಸಾಯುವ ಸದ್ದು ಮರದಲ್ಲಿ ಸುಲಭವಿಲ್ಲ. ನಿಮ್ಮ ಸ್ಕೂಲಿನ ಬ್ಯಾಂಡಿನ ಡ್ರಮ್ಮು ರಿಪೇರಿ ಮಾಡಿಕೊಟ್ಟು ನಿಮಗೆ ಈ ಹುಚ್ಚು ಹತ್ತಿಸಿದವನು ನಾನೇ. ಅನುಭವಿಸುತ್ತಿದ್ದೇನೆ.

ಇತಿ,
ದೇವೇಂದ್ರಪ್ಪ


ಮಾಟುಂಗಾ, ಮುಂಬೈ
10 ಫೆಬ್ರುವರಿ 2025

ಮಾನ್ಯರೇ,

ಡಬ್ಬಿಯ ಕಥೆಯನ್ನು ನಮ್ಮ ತಾಳವಾದ್ಯದವರಿಗೆಲ್ಲ ಓದಿ ಹೇಳಿದೆ. ಆ ಜಾಗಕ್ಕೆ ಹಾಗೆ ಬೆಚ್ಚಿಬೀಳದವರು ಅದನ್ನು ಕೇಳಿಯೇ ಇಲ್ಲ ಎಂದರು ನಮ್ಮ ಹಿರಿಯರು.

ಈಗ ಆರನೆಯದನ್ನು ಮೊದಲಿನಿಂದ ಕೇಳಿ. ದಿನಕ್ಕೆ ಒಂದು ಭಾಗ, ನಾಲ್ಕು ದಿನ. ಮೊದಲ ಭಾಗ ಪೊಲೀಸು ಕವಾಯತಿನ ಹಾಗೆ ಧಡಧಡ ನಡೆಯುತ್ತದೆ. ಅದರ ನಡುವೆ ಒಮ್ಮೆ ಎಲ್ಲ ತಣ್ಣಗಾಗಿ, ದೂರದಲ್ಲಿ ದನದ ಕೊರಳ ಗಂಟೆ ಕೇಳಿಸುತ್ತದೆ. ನಿಜವಾದ ದನದ ಗಂಟೆ. ಇಲಕಲ್ಲಿನ ಸೋದರಮಾವನ ಹಿತ್ತಲು ನೆನಪಾದರೆ ನಾನು ಹೊಣೆಯಲ್ಲ. ಕೊನೆಯ ಭಾಗ ಅರ್ಧ ಗಂಟೆ. ಒಂದು ಪೆಟ್ಟಿನಿಂದ ಇನ್ನೊಂದರವರೆಗೆ ಬೇರೆ ಏನೂ ಲೆಕ್ಕಿಸದೆ, ಏನು ಏಳುತ್ತದೆ, ಏನು ಬೀಳುತ್ತದೆ, ಅಷ್ಟನ್ನೇ ಕೇಳಿ. ತೀರಾ ಕೊನೆಯಲ್ಲಿ ಎಲ್ಲ ಆರಿ ಮುಗಿಯಿತು ಎನ್ನುವಾಗ ಇನ್ನೊಂದು ಸಲ ಬೆಚ್ಚಿಸುತ್ತಾನೆ. ಡಬ್ಬಿ ಕೆಳಗಿಟ್ಟು ಕೇಳಿ.

ಒಂದು ಮಾತು. ಅವನು ಮೊದಲು ಮೂರು ಪೆಟ್ಟು ಬರೆದಿದ್ದ, ಆಮೇಲೆ ಮೂರನೆಯದನ್ನು ತೆಗೆದುಹಾಕಿದ. ಆ ಜಾಗ ಬಂದಾಗ ನಾನು ಸುಮ್ಮನೆ ನಿಂತಿರಬೇಕು. ಅವ್ವ ಹೋದದ್ದು ನನಗೆ ಒಂದನೆಯ ಪೆಟ್ಟು. ಬಾಗಿಲಲ್ಲಿ ನಿಂತ ನನ್ನನ್ನು ನೀವು ಒಳಗೆ ಬಿಡದಿದ್ದದ್ದು ಎರಡನೆಯದು.

ಅಪ್ಪಾ, ಎರಡು ವರ್ಷದಿಂದ ಕೇಳಬೇಕೆಂದಿದ್ದೇನೆ. ‘ಅವ್ವನಿಗೆ ಸ್ವಲ್ಪ ಹುಷಾರಿಲ್ಲ, ನಿಧಾನವಾಗಿ ಬಾ’ ಎಂದು ಲಕ್ಷ್ಮೀಪತಿ ಅಂಕಲ್ ಕೈಲಿ ಹೇಳಿಸಿದವರು ನೀವೇ. ಮಾರನೆಯ ಬೆಳಿಗ್ಗೆ ಬಂದರೆ ತಡವಾಯಿತೆಂದು ಹೊರಗೆ ಹಾಕಿದವರೂ ನೀವೇ. ಯಾಕೆ?

ವಿಜಯಶ್ರೀ


ಬ್ಯಾಡರಹಳ್ಳಿ
15 ಫೆಬ್ರುವರಿ 2025

ವಿಜಯಶ್ರೀ,

ಇದು ಆರ್ಡರಿನ ಕಾಗದವಲ್ಲ.

ಹುಷಾರಿಲ್ಲ ಎಂದು ಹೇಳಿಸಿದೆನೇ ನಾನು? ಯಾರು ಹೇಳಿದ್ದು? ಲಕ್ಷ್ಮೀಪತಿ ನಿನಗೆ ಫೋನಿನಲ್ಲಿ ಏನೆಂದ? ನೀನೇನೆಂದೆ? ಒಂದು ಶಬ್ದ ಬಿಡದೆ, ಒಂದು ಶಬ್ದ ಸೇರಿಸದೆ ಬರೆ.

ದೇವೇಂದ್ರಪ್ಪ


ಮಾಟುಂಗಾ, ಮುಂಬೈ
20 ಫೆಬ್ರುವರಿ 2025

ಅಪ್ಪಾ,

ನಿನಗೆ ಗೊತ್ತಿರಲಿಲ್ಲವೇ? ನಿನ್ನ ಕಾಗದ ಓದಿ ನಾನು ರಿಹರ್ಸಲ್ಲಿಗೂ ಹೋಗಲಿಲ್ಲ.

ಆವತ್ತು ಶನಿವಾರ, ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. ಇಲ್ಲಿದೆ, ಒಂದು ಶಬ್ದವೂ ಮರೆತಿಲ್ಲ.

“ವಿಜೀ, ಗಾಬರಿ ಆಗ್ಬೇಡ ಕಣಮ್ಮ. ಅಮ್ಮಂಗೆ ಹುಷಾರಿಲ್ಲ, ಸ್ವಲ್ಪ ಸೀರಿಯಸ್ಸು. ಡ್ರಿಪ್ ಹಾಕಿದಾರೆ. ಹೊರಟು ಬಾ.”

“ಏನಾಯ್ತು ಅಂಕಲ್? ಮಾತಾಡ್ತಿದಾಳಾ?”

“ಹ್ಞೂ... ಪರವಾಗಿಲ್ಲ.”

“ಅವ್ವನ ಕೈಲಿ ಫೋನ್ ಕೊಡಿ.”

“ಮಲಗಿದಾರೆ ಕಣಮ್ಮ. ಎಬ್ಬಿಸೋದು ಬೇಡ.”

“ಸಂಜೆ ಪ್ರೋಗ್ರಾಂ ಇದೆ ಅಂಕಲ್. ಬೆಳಿಗ್ಗೆ ಮೊದಲ ಫ್ಲೈಟಿಗೆ ಬಂದ್ರೆ ನಡೆಯುತ್ತಾ?”

“ಆಗ್ಲಿ ಕಣಮ್ಮ. ನಿಧಾನವಾಗಿ ಬಾ” ಅಂದರು.

ಇಷ್ಟೇ. ಆ ಸಂಜೆ ಬಾರಿಸುವಾಗಲೂ, ಅವ್ವ ಹಾಸಿಗೆಯಲ್ಲಿ ಎದ್ದು ಕೂತು ನಿನಗೆ ಬೈಯುತ್ತಿರುತ್ತಾಳೆ ಎಂದುಕೊಂಡೇ ಬಾರಿಸಿದೆ. ಬೆಳಿಗ್ಗೆ ವಿಮಾನ ನಿಲ್ದಾಣದಿಂದ ಬರುವಾಗ ಅವಳಿಗೆಂದು ಮೋಸಂಬಿ ಕೊಂಡೆ. ಬಾಗಿಲಲ್ಲಿ ನೀನು ನಿಂತಿದ್ದೆ. “ನಿನ್ನೆನೇ ಮಣ್ಣು ಮಾಡಿ ಆಯ್ತು. ಇಲ್ಲಿ ನಿನಗ ಯಾರೂ ಇಲ್ಲ, ಹೋಗು” ಎಂದೆ. ಸಾವಿನ ಸುದ್ದಿಯನ್ನು ಮುಚ್ಚಿಡಿಸಿದವನು ನೀನೇ ಎಂದು ತಿಳಿದು, ನಿನ್ನ ಮೇಲೆ ನನಗೂ ಎರಡು ವರ್ಷ ಸಿಟ್ಟಿತ್ತು.

ವಿಜೀ


ಬ್ಯಾಡರಹಳ್ಳಿ
8 ಮಾರ್ಚ್ 2025

ವಿಜೀ,

ಎರಡು ವಾರ ಪೆನ್ನು ಹಿಡಿಯಲಾಗಲಿಲ್ಲ.

ನಿನ್ನ ಕಾಗದ ಬಂದ ದಿನ ಕೈಯಲ್ಲಿ ಕೊಡತಿ ಹಿಡಿದೇ ಲಕ್ಷ್ಮೀಪತಿಯ ಅಂಗಡಿಗೆ ನುಗ್ಗಿದೆ. “ನಾ ಏನ್ ಹೇಳು ಅಂದಿದ್ದೆ ಆವತ್ತ? ನೀ ಏನ್ ಹೇಳಿದಿ?” ಎಂದೆ. ಅವನಿಗೆ ಯಾವ ಆವತ್ತು ಎಂದು ಕೇಳಬೇಕಾಗಲಿಲ್ಲ. ಮೊಳೆ ತೂಗುತ್ತಿದ್ದವನು ತಕ್ಕಡಿ ಕೆಳಗಿಟ್ಟ.

“ಬಾಯೇ ಬರ್ಲಿಲ್ಲ ಅಣ್ಣಾ. ಒಬ್ಳೇ ಇದಾಳೆ ಅಷ್ಟು ದೂರ. ನೀವು ತೀರ್ಕೊಂಡ್ರು ಅಂತ ಹೇಳು ಅಂದ್ರಿ. ಫೋನಲ್ಲಿ ಯಾರಾದ್ರೂ ಹಂಗೆ ನೇರವಾಗಿ ಹೇಳ್ತಾರಾ? ಸೀರಿಯಸ್ ಅಂದ್ರೆ ಅರ್ಥ ಮಾಡ್ಕೋತಾಳೆ ಅಂದ್ಕೊಂಡೆ. ಅವ್ಳು ಪ್ರೋಗ್ರಾಂ ಮುಗಿಸಿ ನಾಳೆ ಬರ್ತೀನಿ ಅಂದ್ಲು. ಅಷ್ಟನ್ನ ನಿಮಗೆ ಹೇಳ್ದೆ. ಉಳಿದಿದ್ದು ಹೇಳೋಕೆ ಆಮೇಲೆ ಧೈರ್ಯ ಬರ್ಲಿಲ್ಲ” ಎಂದು ಅತ್ತ.

ಕೊಡತಿ ಎತ್ತಿದ್ದೆ ವಿಜೀ. ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲೇ ನಿನ್ನ ಅಜ್ಜ ನೆನಪಾದ. ನಿನ್ನ ಅವ್ವನ ಅಪ್ಪ. ಅವನು ತೀರಿಕೊಂಡ ಸುದ್ದಿ ಬಂದದ್ದು ನನಗೆ. ನಾನು ಅವಳಿಗೆ, “ನಿಮ್ಮಪ್ಪಗ ಜ್ವರ ಅಂತ, ನೋಡಿ ಬರೋಣ ನಡಿ” ಎಂದು ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಅವಳು ಅಪ್ಪನಿಗೆ ಯಾವ ಗಂಜಿ ಮಾಡಲಿ ಎಂದು ಮಾತಾಡುತ್ತಿದ್ದಳು, ನಡುನಡುವೆ ನಗುತ್ತಿದ್ದಳು. ಮನೆಯ ತಿರುವಿಗೆ ಬಂದಾಗ ಹೆಂಗಸರ ಅಳು ಕೇಳಿ ಕಾಲು ಕಿತ್ತಿಡಲಾಗದೆ ನಿಂತಳು. “ದಾರಿತುಂಬ ನಗಾಕ ಬಿಟ್ಟೆಲ್ಲ ನನ್ನ” ಎಂದು ಎಷ್ಟೋ ವರ್ಷ ಹೇಳುತ್ತಿದ್ದಳು. ಲಕ್ಷ್ಮೀಪತಿ ಮಾಡಿದ್ದು ನಾನೇ ಮಾಡಿದ್ದ ಕೆಲಸ. ಕೊಡತಿ ಕೆಳಗಿಟ್ಟೆ.

ಅವನ ತಪ್ಪು ಅಷ್ಟಕ್ಕೇ ಮುಗಿಯಿತು. ನನ್ನದು ಮುಗಿಯುವುದಿಲ್ಲ. ನೀನು ಪ್ರೋಗ್ರಾಂ ಮುಗಿಸಿ ಬರುತ್ತೀಯಂತೆ ಎಂದು ಕೇಳಿದಾಗ ನನ್ನ ಎದೆಯ ಮೇಲೇ ಯಾರೋ ಹೊಡೆದಂತಾಯಿತು. ನಾಳೆಯವರೆಗೆ ಇಟ್ಟುಕೊಳ್ಳೋಣ ಎಂದವರಿಗೆಲ್ಲ, “ಯಾರಿಗೂ ಕಾಯೋದು ಬ್ಯಾಡ, ಎತ್ರಿ” ಎಂದವನು ನಾನು. ನಾಲ್ಕು ಗಂಟೆಗೆಲ್ಲ ಮುಗಿಸಿದೆ. ಆ ಫೋನನ್ನು ನಾನೇ ಮಾಡಬಹುದಿತ್ತು. ನನಗೂ ಬಾಯಿ ಬರಲಿಲ್ಲ, ಅದಕ್ಕೇ ಅವನ ಕೈಗೆ ಕೊಟ್ಟೆ. ಬಾಗಿಲಲ್ಲಿ ನಿನ್ನ ಕೈಯಲ್ಲಿ ಮೋಸಂಬಿ ಚೀಲ ಇತ್ತು. ಸತ್ತವರಿಗೆ ಯಾರೂ ಮೋಸಂಬಿ ತರುವುದಿಲ್ಲ. ಕಣ್ಣಿಂದ ಕಂಡೂ ಎರಡು ವರ್ಷ ನನಗೆ ಅದು ಹೊಳೆಯಲಿಲ್ಲವಲ್ಲ!

ಪೆಟ್ಟಿಗೆ ಮುಗಿದಿದೆ. ನಿನ್ನೆ ಲಾರಿಗೆ ಹಾಕಿದೆ. ಪಕ್ಕಗಳು ಬೇವಿನವು, ಒಂದೂ ಮೊಳೆ ಇಲ್ಲ. ಮೇಲಿನ ಹಲಗೆ ಹಳೆಯದು, ಅದಕ್ಕೆ ಬಣ್ಣ ಗಿಣ್ಣ ಬಳಿಯಬೇಡ. ಆರನೆಯದನ್ನು ನಾಲ್ಕು ಸಲ ಪೂರ್ತಿ ಕೇಳಿದೆ. ದನದ ಗಂಟೆ ಬಂದಾಗ ಪ್ರತಿ ಸಲವೂ ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ.

ನಿನ್ನನ್ನು ಏನೆಂದು ಕೇಳಿಕೊಳ್ಳಲಿ, ಗೊತ್ತಾಗುತ್ತಿಲ್ಲ.

ಅಪ್ಪ


ಮಾಟುಂಗಾ, ಮುಂಬೈ
15 ಮಾರ್ಚ್ 2025

ಅಪ್ಪಾ,

ನಿನ್ನ ಕಾಗದ ಬಂದ ಮಾರನೆಯ ದಿನವೇ ಪೆಟ್ಟಿಗೆ ಬಂತು. ನಾಲ್ಕು ಜನ ಸೇರಿ ರಿಹರ್ಸಲ್ ಹಾಲಿಗೆ ಹೊತ್ತು ತಂದೆವು. ಕೊನೆಯ ಭಾಗ ಶುರುವಾಯಿತು. ನನ್ನ ಜಾಗ ಬಂದಾಗ ಎರಡೂ ಕೈಯಲ್ಲಿ ಎತ್ತಿ ಹೊಡೆದೆ.

ಮುಂದೆ ನಿಂತು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ಇಷ್ಟು ವರ್ಷ ಇದೇ ಸದ್ದನ್ನು ಹುಡುಕುತ್ತಿದ್ದೆ, ಯಾರು ಮಾಡಿದ್ದು ಎಂದು ಕೇಳಿದರು. ಆ ಸದ್ದು ನನಗೆ ಗೊತ್ತು. ಹುಟ್ಟಿದಾಗಿನಿಂದ ಗೊತ್ತು. ಕೊಡತಿ ಬಿಟ್ಟು ಬಗ್ಗಿ ಮೇಲಿನ ಹಲಗೆ ನೋಡಿದೆ. ಒಂದು ಮೂಲೆಯಲ್ಲಿ ಹಂಚು ಇಟ್ಟು ಸುಟ್ಟ ಅರ್ಧಚಂದ್ರದ ಕಲೆ. ನಡುವೆ ಅಂಗೈ ಬಿದ್ದು ಬಿದ್ದು ಸವೆದು ಆದ ತಗ್ಗು. ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟು.

ಅವ್ವನ ರೊಟ್ಟಿ ಹಲಗೆ. ಬಸವೇಶ್ವರನಗರದ ಖಾನಾವಳಿಗೆ ದಿನಾ ಬೆಳಿಗ್ಗೆ ಇನ್ನೂರು ರೊಟ್ಟಿ ಬಡಿಯುತ್ತಿದ್ದ, ಮೇಜಿನಷ್ಟು ಅಗಲದ ಹಲಗೆ. ಅದರ ಮೇಲೆ ನಾನು ಸುತ್ತಿಗೆಯಲ್ಲಿ ಹೊಡೆದೆ ಅಪ್ಪಾ. ಅಲ್ಲೇ ನೆಲದ ಮೇಲೆ ಕೂತೆ. ಎಲ್ಲರೂ ನೀರು ತಂದುಕೊಟ್ಟರು.

‘ಹಲಗೆ ಹಳೆಯದು’ ಎಂದು ಬರೆದೆಯಲ್ಲ, ಅಷ್ಟೇ ಬರೆದೆಯಲ್ಲ! ಇದು ನಿನ್ನ ಅವ್ವನದು ಎಂದು ಒಂದು ಮಾತು ಬರೆಯಲು ನಿನಗೆ ಏನಾಗಿತ್ತು? ಲಕ್ಷ್ಮೀಪತಿ ಅಂಕಲ್ ಮಾಡಿದ್ದು ಗೊತ್ತಾದ ಮೇಲೂ ಮತ್ತೆ ಹೇಳದೆ ಕಳಿಸಿದೆ. ಮತ್ತೆ ನಾನೇ ಬಗ್ಗಿ ನೋಡಿ ತಿಳಿದುಕೊಳ್ಳಬೇಕಾಯಿತು. ಒಂದು ಗೊತ್ತಾ ನಿನಗೆ? ಅವ್ವ ಸತ್ತಳು ಎಂದು ಇವತ್ತಿನವರೆಗೆ ನನಗೆ ಯಾರೂ ಹೇಳಿಲ್ಲ. ಹುಷಾರಿಲ್ಲ ಅಂದರು, ಆಮೇಲೆ ಮಣ್ಣು ಮಾಡಿ ಆಯಿತು ಅಂದರು. ನಡುವಿನ ಮಾತನ್ನು ಯಾರೂ ಆಡಲಿಲ್ಲ.

ಹಲಗೆ ಚೆನ್ನಾಗಿದೆ. ಅದರ ಮೇಲೆಯೇ ಹೊಡೆಯುತ್ತೇನೆ. ಆದರೆ ನನಗೆ ತುಂಬಾ ನೋವಾಗಿದೆ.

ವಿಜೀ


ಬ್ಯಾಡರಹಳ್ಳಿ
18 ಮಾರ್ಚ್ 2025

ವಿಜೀ,

ನೀನು ಬೈದದ್ದು ಸರಿ. ಹಲಗೆಯನ್ನು ಗೋಡೆಯಿಂದ ಇಳಿಸಿ ಮೊದಲ ಸಲ ಹೊಡೆದಾಗ ನಾನೂ ನಿನ್ನ ಹಾಗೇ ಹೊಟ್ಟಿನ ಮೇಲೆ ಕೂತಿದ್ದೆ. ಅದನ್ನು ಬರೆಯಲು ಮೂರು ಸಲ ಶುರು ಮಾಡಿ ಮೂರು ಸಲವೂ ಹರಿದೆ. ನಮ್ಮ ಬಾಯಿ ಹೀಗೇ ಕೆಟ್ಟು ಕೂತಿದೆ.

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಶುಕ್ರವಾರದ ರೈಲಿಗೆ ಟಿಕೆಟ್ಟು ಮಾಡಿಸಿದ್ದೇನೆ. ಶನಿವಾರ ಹಾಲಿನಲ್ಲಿ ಎಲ್ಲಿ ಕೂರಿಸುತ್ತೀಯೋ ಅಲ್ಲಿ ಕೂರುತ್ತೇನೆ. ಎರಡು ಪೆಟ್ಟು ಎಲ್ಲಿ ಬರುತ್ತವೆ ಗೊತ್ತು, ಮೂರನೆಯದು ಎಲ್ಲಿ ಬರುವುದಿಲ್ಲ ಎಂಬುದೂ ಗೊತ್ತು. ಒಳಗೆ ಬಿಡದಿದ್ದರೆ ಬಾಗಿಲಲ್ಲೇ ನಿಂತು ಕೇಳುತ್ತೇನೆ. ಆ ಹಕ್ಕು ನಿನಗಿದೆ.

ಆವತ್ತು ನಿನಗೆ ಮುಟ್ಟಬೇಕಿದ್ದ ಕಾಗದವನ್ನು ಇವತ್ತು ಬರೆದಿದ್ದೇನೆ. ಈ ಹಾಳೆಯ ಹಿಂದೆ ಇದೆ. ಕೂತುಕೊಂಡು ಓದು.

ಅಪ್ಪ


ಬ್ಯಾಡರಹಳ್ಳಿ
12 ನವೆಂಬರ್ 2022, ಬೆಳಿಗ್ಗೆ ಹತ್ತು ಗಂಟೆ

ವಿಜೀ,

ನಿನ್ನ ಅವ್ವ ಸತ್ತಳು. ಇವತ್ತು ಬೆಳಿಗ್ಗೆ ಏಳೂಕಾಲಿಗೆ. ರೊಟ್ಟಿ ಬಡಿಯುತ್ತಿದ್ದವಳು ಹಲಗೆಯ ಮೇಲೇ ಬಾಗಿದಳು. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಸಿಗಲಿಲ್ಲ. ಪಕ್ಕದಲ್ಲಿ ನಾನಿದ್ದೆ.

ಈಗಲೇ ಹೊರಟು ಬಾ. ನೀನು ಬರುವವರೆಗೆ ಎತ್ತುವುದಿಲ್ಲ.

ನಿನ್ನ ಅಪ್ಪ,
ದೇವೇಂದ್ರಪ್ಪ